ವಾಸದ ಮನೆಯೂ ವರ್ಣಭೇದವೂ

ಕಳೆದ ಆಗಸ್ಟ್ ತಿಂಗಳಿನಲ್ಲಿ ನಮ್ಮ ಕಾಲೇಜಿನ ಚರ್ಚಾಕೂಟದಲ್ಲಿ ಅಮೆರಿಕಾದ ನಗರಗಳ ಮಾತು ಬಂದಿತ್ತು. ಅಷ್ಟು ಸಿರಿವಂತ ದೇಶದಲ್ಲಿ, ಮನುಷ್ಯರೆಲ್ಲರೂ ಸಮಾನರೆಂದು ಸಾರಿಕೊಂಡೇ ಹುಟ್ಟಿದ ದೇಶದಲ್ಲಿ, ಕಪ್ಪು ಜನರ ಕೇರಿ ಬೇರೆ, ಬಿಳಿಯರ ಬಡಾವಣೆ ಬೇರೆ ಏಕಾಯಿತೆಂಬುದು ಪ್ರಶ್ನೆ. ಮಿತ್ರರೊಬ್ಬರು ಎದ್ದು, “ಇದರಲ್ಲಿ ಆಶ್ಚರ್ಯವೇನು ಬಂತು? ಗಿಳಿ ಗಿಳಿಯ ಜೊತೆ, ಕಾಗೆ ಕಾಗೆಯ ಜೊತೆ, ಮನುಷ್ಯನೂ ಹಾಗೆಯೇ” ಎಂದರು. ಇನ್ನೊಬ್ಬರು, “ಅದೂ ಅಲ್ಲ. ಹಣವಿದ್ದವನು ಬಂಗಲೆ ಕೊಳ್ಳುತ್ತಾನೆ, ಇಲ್ಲದವನು ಗಲ್ಲಿಯಲ್ಲಿರುತ್ತಾನೆ. ಬಣ್ಣದ ಮಾತು ಬರಿಯ ಗಲಾಟೆ” ಎಂದರು. ಸಭೆ ಇಬ್ಬರಿಗೂ ಚಪ್ಪಾಳೆ ತಟ್ಟಿತು. ಅಷ್ಟರಲ್ಲಿ ಗಂಟೆಯಾಯಿತು. ನನಗೆ ಉತ್ತರ ಹೇಳಲು ಅವಕಾಶ ಸಿಗಲಿಲ್ಲವೆಂದು ಆಗ ಬೇಸರವಾಯಿತಾದರೂ, ನಿಜ ಹೇಳಬೇಕೆಂದರೆ, ಆ ದಿನ ನನ್ನ ಬಳಿ ಉತ್ತರವೇ ಇರಲಿಲ್ಲ. ಆಮೇಲೆ ಓದಿ ತಿಳಿದುಕೊಂಡದ್ದನ್ನು ಈ ಸಂಚಿಕೆಯ ಮೂಲಕ ಇಬ್ಬರು ಮಿತ್ರರ ಮುಂದೆಯೂ ಇಡುತ್ತಿದ್ದೇನೆ. ಆ ನಗರಗಳ ಬೇರ್ಪಾಡು ತಾನಾಗಿ ಬೆಳೆದ ಕಾಡಲ್ಲ. ಕಾಗದದ ಮೇಲೆ ಬರೆದು, ಮೊಹರು ಒತ್ತಿ, ಸಾಲ ಕೊಟ್ಟು ನೆಟ್ಟು ಬೆಳೆಸಿದ ತೋಟವೆಂಬುದೇ ನನ್ನ ವಾದ.

ಗುಲಾಮಗಿರಿ 1865ರಲ್ಲಿ ರದ್ದಾಯಿತಷ್ಟೆ. ಆ ಮುಂದಿನ ಕೆಲವು ದಶಕಗಳಲ್ಲಿ ಉತ್ತರದ ಅನೇಕ ಊರುಗಳಲ್ಲಿ ಕಪ್ಪು ಜನರು ಸಂಖ್ಯೆಯಲ್ಲಿ ಕಡಿಮೆ; ಇದ್ದವರು ಬಿಳಿಯರ ಮನೆಗಳ ನಡುನಡುವೆಯೇ ಇದ್ದರು. ಕಾಗೆ ಕಾಗೆಯ ಜೊತೆ ಎಂಬ ನಿಯಮ ಪ್ರಕೃತಿಯದಾಗಿದ್ದರೆ ಅದು ಆಗಲೂ ಇರಬೇಕಾಗಿತ್ತಲ್ಲವೆ? ಬೇರ್ಪಾಡು ಬಿಗಿಯಾದದ್ದು ಇಪ್ಪತ್ತನೆಯ ಶತಮಾನದಲ್ಲಿ. ಆ ಶತಮಾನದ ಎರಡನೆಯ ದಶಕದಿಂದ 1970ರವರೆಗೆ ದಕ್ಷಿಣದ ಹತ್ತಿಯ ಹೊಲಗಳನ್ನೂ ಅಲ್ಲಿಯ ಹಿಂಸೆಯನ್ನೂ ಬಿಟ್ಟು ಸುಮಾರು 60 ಲಕ್ಷ ಕಪ್ಪು ಜನರು ಷಿಕಾಗೊ, ಡೆಟ್ರಾಯಿಟ್, ನ್ಯೂಯಾರ್ಕ್ ಮೊದಲಾದ ನಗರಗಳಿಗೆ ಬಂದರು. ಬಂದವರಿಗೆ ಕಾರ್ಖಾನೆಯಲ್ಲಿ ಕೆಲಸ ಸಿಕ್ಕಿತು. ಮನೆ ಮಾತ್ರ ಎಲ್ಲೆಂದರಲ್ಲಿ ಸಿಗಲಿಲ್ಲ.

ಹಣದ ವಾದವನ್ನು ಹೂಡಿದ ಮಿತ್ರರಿಗೆ ಬಾಲ್ಟಿಮೋರ್ ನಗರದ ಒಂದು ಸಂಗತಿಯನ್ನು ಹೇಳಬೇಕು. ಅಲ್ಲಿ 1910ರಲ್ಲಿ ಬಿಳಿಯರು ವಾಸವಾಗಿದ್ದ ಒಳ್ಳೆಯ ಬೀದಿಯೊಂದಕ್ಕೆ ಕಪ್ಪು ಕುಟುಂಬವೊಂದು ಬಂದು ಸೇರಿತು. ಬಂದವರೇನು ದಿಕ್ಕಿಲ್ಲದ ಬಡವರೇ? ಅಲ್ಲ, ಮನೆಯ ಯಜಮಾನ ಯೇಲ್ ವಿಶ್ವವಿದ್ಯಾನಿಲಯದಲ್ಲಿ ಕಾನೂನು ಓದಿದ ವಕೀಲ. ನೆರೆಹೊರೆಯವರು ಸಭೆ ಸೇರಿದರು. ಅದೇ ವರ್ಷ ನಗರಸಭೆ ಒಂದು ಶಾಸನವನ್ನೇ ಮಾಡಿತು. ಬಿಳಿಯರು ಹೆಚ್ಚಾಗಿರುವ ಬೀದಿಗೆ ಕಪ್ಪು ಜನರು ಹೊಸದಾಗಿ ಬರಕೂಡದು, ಕಪ್ಪು ಜನರು ಹೆಚ್ಚಾಗಿರುವ ಬೀದಿಗೆ ಬಿಳಿಯರು ಬರಕೂಡದು ಎಂದು ಅದರ ಸಾರ. ನೋಡಲು ಎರಡೂ ಕಡೆಗೆ ಸಮನಾದ ತಕ್ಕಡಿ! ಬೇರೆ ಊರುಗಳೂ ಇದನ್ನು ನೋಡಿ ನಕಲು ಮಾಡಿದವು. ಲೂಯಿವಿಲ್ ಎಂಬ ಊರಿನ ಅಂಥ ಶಾಸನವನ್ನು 1917ರಲ್ಲಿ ಅಮೆರಿಕಾದ ಸರ್ವೋಚ್ಚ ನ್ಯಾಯಾಲಯ ರದ್ದುಮಾಡಿತು. ಆದರೆ ಅದು ಮುಖ್ಯವಾಗಿ ಹಿಡಿದದ್ದು, ಮನೆಯ ಒಡೆಯನಿಗೆ ತನ್ನ ಸ್ವತ್ತನ್ನು ಬೇಕಾದವರಿಗೆ ಮಾರುವ ಹಕ್ಕು ಇದೆ ಎಂಬ ತತ್ವವನ್ನು. ಸ್ವತ್ತಿನ ಹಕ್ಕಿಗೆ ದೊರೆತ ರಕ್ಷಣೆಯ ನೆರಳಿನಲ್ಲಿ ಮನುಷ್ಯನಿಗೂ ಸ್ವಲ್ಪ ತಂಪಾಯಿತೆನ್ನಬಹುದು.

ಆ ತಂಪು ಬಹಳ ಕಾಲ ಉಳಿಯಲಿಲ್ಲ. ಶಾಸನ ಮಾಡುವಂತಿಲ್ಲವಾದರೆ ಕ್ರಯಪತ್ರವಿದೆಯಲ್ಲ! ಒಂದು ಬೀದಿಯ ಮನೆಯವರೆಲ್ಲ ಸೇರಿ, ಇಷ್ಟು ವರ್ಷಗಳವರೆಗೆ ಇಂಥ ಜನಾಂಗದವರಿಗೆ ಮಾರುವುದಿಲ್ಲ, ಬಾಡಿಗೆಗೂ ಕೊಡುವುದಿಲ್ಲ ಎಂದು ಕರಾರು ಬರೆದು ನೋಂದಾಯಿಸುವ ಪದ್ಧತಿ ಹಬ್ಬಿತು. ಸೇಂಟ್ ಲೂಯಿ ನಗರದ ಒಂದು ಬೀದಿಯಲ್ಲಿ 1911ರಲ್ಲಿ ಅಂಥ ಕರಾರನ್ನು 50 ವರ್ಷಗಳ ಅವಧಿಗೆ ಬರೆದಿದ್ದರು. 1945ರಲ್ಲಿ ಷೆಲ್ಲಿ ಎಂಬ ಕಪ್ಪು ಕುಟುಂಬ ಅಲ್ಲಿ ಮನೆ ಕೊಂಡಿತು. ನೆರೆಯವರು ದಾವೆ ಹೂಡಿದರು. 1948ರಲ್ಲಿ ಸರ್ವೋಚ್ಚ ನ್ಯಾಯಾಲಯ, ಜನರು ತಮ್ಮತಮ್ಮೊಳಗೆ ಏನು ಬೇಕಾದರೂ ಬರೆದುಕೊಳ್ಳಲಿ, ಅದನ್ನು ಜಾರಿ ಮಾಡಲು ಸರ್ಕಾರದ ನ್ಯಾಯಾಲಯ ಕೈಹಾಕಕೂಡದು ಎಂದು ತೀರ್ಪು ಕೊಟ್ಟಿತು. ತೀರ್ಪು ಕೊಟ್ಟವರು ಒಂಬತ್ತು ಮಂದಿಯಲ್ಲ, ಆರು ಮಂದಿ. ಉಳಿದ ಮೂವರು ನ್ಯಾಯಮೂರ್ತಿಗಳು ಕಾರಣ ಹೇಳದೆ ವಿಚಾರಣೆಯಿಂದ ದೂರ ಉಳಿದರು. ಅವರ ಸ್ವಂತ ಮನೆಗಳ ಪತ್ರಗಳಲ್ಲಿಯೂ ಅಂಥದೇ ಕರಾರು ಇದ್ದಿರಬೇಕೆಂದು ಅನೇಕರು ನಂಬುತ್ತಾರೆ.

ಕಾಗದ ಸಾಲದೆಂದು ತೋರಿದ ಕಡೆ ಬಾಂಬೂ ಬಂತು. ಷಿಕಾಗೊ ನಗರದಲ್ಲಿ 1917ರಿಂದ 1921ರವರೆಗೆ ಕಪ್ಪು ಜನರ ಮನೆಗಳ ಮೇಲೆ, ಅವರಿಗೆ ಮನೆ ಮಾರಿದ ದಲ್ಲಾಳಿಗಳ ಮತ್ತು ಸಾಲ ಕೊಟ್ಟವರ ಮೇಲೆ 58 ಸಲ ಬಾಂಬು ಬಿದ್ದಿತು. ನಡುವೆ 1919ರ ಗಲಭೆಯಲ್ಲಿ 38 ಜನ ಸತ್ತರು. ಮನೆ ದಲ್ಲಾಳಿಗಳ ರಾಷ್ಟ್ರೀಯ ಸಂಘವಂತೂ 1924ರಲ್ಲಿ ತನ್ನ ನೀತಿಸಂಹಿತೆಯಲ್ಲಿಯೇ, ಸ್ವತ್ತಿನ ಬೆಲೆ ಇಳಿಸುವಂಥ ಜನಾಂಗದವರನ್ನು ಬಡಾವಣೆಯೊಳಕ್ಕೆ ತರಲು ದಲ್ಲಾಳಿಯು ನಿಮಿತ್ತನಾಗಬಾರದೆಂದು ಬರೆದುಕೊಂಡಿತು. ಅದಕ್ಕೆ ಇಟ್ಟ ಹೆಸರು ನೀತಿ!

ಇಷ್ಟರವರೆಗೆ ಇದನ್ನು ನೆರೆಹೊರೆಯವರ ದ್ವೇಷವೆಂದು ಹೇಳಿ ಮುಗಿಸಬಹುದಾಗಿತ್ತು. ಮುಂದಿನದು ಹೆಚ್ಚು ಗಂಭೀರವಾದದ್ದು. ಏಕೆಂದರೆ ಇಲ್ಲಿಂದ ಮುಂದೆ ಕೇಂದ್ರ ಸರ್ಕಾರದ ಖಜಾನೆಯೇ ರಂಗಕ್ಕೆ ಬರುತ್ತದೆ. 1929ರ ನಂತರದ ಮಹಾ ಮುಗ್ಗಟ್ಟಿನಲ್ಲಿ ಲಕ್ಷಾಂತರ ಜನರ ಮನೆಗಳು ಹರಾಜಿಗೆ ಬಂದವು. ಆಗಿನ ಮನೆ ಸಾಲದ ರೀತಿ ಹೇಗಿತ್ತೆಂದರೆ, ನಾಲ್ಕೈದು ವರ್ಷಗಳ ಅಲ್ಪಾವಧಿ. ಕೊನೆಗೆ ಅಸಲೆಲ್ಲವನ್ನೂ ಒಮ್ಮೆಗೇ ಕಟ್ಟಬೇಕು. ರೂಸ್‌ವೆಲ್ಟರ ಸರ್ಕಾರ 1933ರಲ್ಲಿ ಮನೆ ಒಡೆಯರ ಸಾಲದ ನಿಗಮವೊಂದನ್ನು ಸ್ಥಾಪಿಸಿತು. 1934ರಲ್ಲಿ ಬ್ಯಾಂಕುಗಳು ಕೊಡುವ ಮನೆ ಸಾಲಕ್ಕೆ ಜಾಮೀನು ನಿಲ್ಲುವ ಫೆಡರಲ್ ವಸತಿ ಆಡಳಿತವನ್ನು ಸ್ಥಾಪಿಸಿತು. ಸಾಲ ಮುಳುಗಿದರೆ ಸರ್ಕಾರ ತುಂಬಿಕೊಡುತ್ತದೆಂದ ಮೇಲೆ ಬ್ಯಾಂಕುಗಳಿಗೆ ಭಯವೇನು? ಇಪ್ಪತ್ತು, ಮುಂದೆ ಮೂವತ್ತು ವರ್ಷಗಳ ಕಂತು, ಕಡಿಮೆ ಬಡ್ಡಿ, ಕೈಯಿಂದ ಹಾಕಬೇಕಾದ ಹಣ ಅಲ್ಪ. ಬಾಡಿಗೆ ಕಟ್ಟುತ್ತಿದ್ದ ಗುಮಾಸ್ತನೂ ಕಾರ್ಖಾನೆಯ ಕೆಲಸಗಾರನೂ ಮನೆಯ ಒಡೆಯನಾಗುವ ದಾರಿ ತೆರೆಯಿತು. ಲೋಕದಲ್ಲಿ ಇದಕ್ಕಿಂತ ಪುಣ್ಯದ ಕೆಲಸ ಮತ್ತೊಂದಿಲ್ಲವೆನ್ನಿಸುತ್ತದೆ.

ಆದರೆ ಜಾಮೀನು ಯಾವ ಬೀದಿಗೆ? ಸಾಲದ ನಿಗಮದವರು 1935ರಿಂದ 1940ರ ಒಳಗೆ 200ಕ್ಕೂ ಹೆಚ್ಚು ನಗರಗಳ ನಕ್ಷೆ ತೆಗೆಸಿ ಒಂದೊಂದು ಭಾಗಕ್ಕೆ ಒಂದೊಂದು ಬಣ್ಣ ಬಳಿದರು: ಉತ್ತಮವಾದದ್ದಕ್ಕೆ ಹಸುರು, ಅದರ ಕೆಳಗಿನದಕ್ಕೆ ನೀಲಿ, ಇಳಿಯುತ್ತಿರುವುದಕ್ಕೆ ಹಳದಿ, ಅಪಾಯದ್ದಕ್ಕೆ ಕೆಂಪು. ಕಪ್ಪು ಜನರಿದ್ದ ಕೇರಿಗಳು ಹೆಚ್ಚುಕಡಿಮೆ ಎಲ್ಲವೂ ಕೆಂಪಾದವು. ಆ ನಕ್ಷೆಗಳೇ ಎಷ್ಟು ಹಾನಿ ಮಾಡಿದವೆಂಬುದರಲ್ಲಿ ಇತಿಹಾಸಕಾರರಲ್ಲಿ ಭಿನ್ನಾಭಿಪ್ರಾಯವಿದೆ. ಆ ನಿಗಮ ಕೆಂಪು ಭಾಗದಲ್ಲಿಯೂ ಸಾಲ ಕೊಟ್ಟದ್ದುಂಟು. ಆದರೆ ಜಾಮೀನು ಕೊಡುವ ವಸತಿ ಆಡಳಿತದ ವಿಷಯದಲ್ಲಿ ಸಂಶಯಕ್ಕೆ ಎಡೆಯಿಲ್ಲ. ಅದರ ಕೈಪಿಡಿ ಬೇರೆ ಬೇರೆ ಜನಾಂಗದವರು ಒಂದೆಡೆ ಬೆರೆತರೆ ಸ್ವತ್ತಿನ ಬೆಲೆ ಇಳಿಯುತ್ತದೆಂದು ಎಚ್ಚರಿಸಿ, ನಾನು ಮೇಲೆ ಹೇಳಿದ ಕ್ರಯಪತ್ರದ ಕರಾರುಗಳನ್ನೇ ಶಿಫಾರಸು ಮಾಡಿತು. ಖಾಸಗಿ ದ್ವೇಷ ಹೀಗೆ ಸರ್ಕಾರದ ಲೆಕ್ಕಪತ್ರದ ನಿಯಮವಾಯಿತು.

ಈ ನಿಯಮ ನೆಲದ ಮೇಲೆ ಹೇಗೆ ಕಾಣುತ್ತದೆಂಬುದನ್ನು ತಿಳಿಯಬೇಕಾದರೆ ಡೆಟ್ರಾಯಿಟ್ ನಗರದ ಗೋಡೆಯನ್ನು ನೋಡಬೇಕು. 1941ರಲ್ಲಿ ಅಲ್ಲಿ ಕಪ್ಪು ಜನರ ಕೇರಿಯ ಪಕ್ಕದಲ್ಲಿಯೇ ಬಿಳಿಯರಿಗಾಗಿ ಮನೆ ಕಟ್ಟಲು ಹೊರಟ ಗುತ್ತಿಗೆದಾರನೊಬ್ಬನಿಗೆ ಸರ್ಕಾರದ ಜಾಮೀನು ಸಿಗಲಿಲ್ಲ. ಕೇರಿ ತೀರ ಹತ್ತಿರವಾಯಿತೆಂಬ ಆಕ್ಷೇಪಣೆ. ಅವನು ಎರಡರ ನಡುವೆ ಅರ್ಧ ಮೈಲಿ ಉದ್ದ, ಆರು ಅಡಿ ಎತ್ತರದ ಗೋಡೆಯೊಂದನ್ನು ಎಬ್ಬಿಸಿದ. ಜಾಮೀನು ಮಂಜೂರಾಯಿತು! ಆರು ಅಡಿಯ ಗೋಡೆಯನ್ನು ಹತ್ತು ವರ್ಷದ ಹುಡುಗನೂ ಹತ್ತಿ ಹಾರಬಲ್ಲ. ಅದನ್ನು ಕಟ್ಟಿದ್ದು ಜನರನ್ನು ತಡೆಯಲಿಕ್ಕಲ್ಲ, ಕಡತವನ್ನು ಮುಂದಕ್ಕೆ ಸಾಗಿಸಲಿಕ್ಕೆ. ಆ ಗೋಡೆ ಈಗಲೂ ನಿಂತಿದೆ. ಈಗ ಅದರ ಎರಡು ಕಡೆಯಲ್ಲಿಯೂ ಬಹುಪಾಲು ಕಪ್ಪು ಜನರೇ ಇದ್ದಾರೆ. ಒಂದಷ್ಟು ಭಾಗಕ್ಕೆ ಊರಿನವರು ಚಿತ್ರ ಬರೆದಿದ್ದಾರೆ.

ಎರಡನೆಯ ಮಹಾಯುದ್ಧ ಮುಗಿದ ಮೇಲೆ ನ್ಯೂಯಾರ್ಕಿನ ಹೊರಗೆ ಆಲೂಗಡ್ಡೆ ಬೆಳೆಯುತ್ತಿದ್ದ ಹೊಲಗಳಲ್ಲಿ ಲೆವಿಟ್‌ಟೌನ್ ಎಂಬ ಹೊಸ ಊರು ಎದ್ದಿತು. 1947ರಿಂದ 1951ರ ಒಳಗೆ ಕಾರ್ಖಾನೆಯಲ್ಲಿ ಮೋಟಾರು ಮಾಡುವಂತೆ ಸಾಲುಸಾಲಾಗಿ 17,000ಕ್ಕೂ ಹೆಚ್ಚು ಮನೆಗಳನ್ನು ಕಟ್ಟಿದರು. ಮನೆಯ ಬೆಲೆ ಎಂಟು ಸಾವಿರ ಡಾಲರಿನ ಆಸುಪಾಸು. ಯುದ್ಧದಿಂದ ಹಿಂದಿರುಗಿದ ಸಿಪಾಯಿ ಕೈಯಿಂದ ಹೆಚ್ಚೇನೂ ಹಾಕದೆ ಒಳಗೆ ಕಾಲಿಡಬಹುದಾಗಿತ್ತು. ಅದೇ ಯುದ್ಧದಲ್ಲಿ ಕಾದಾಡಿದ ಕಪ್ಪು ಸಿಪಾಯಿ ಮಾತ್ರ ಕಾಲಿಡುವಂತಿರಲಿಲ್ಲ. 1960ರಲ್ಲಿ ಆ ಊರಿನ ಜನಸಂಖ್ಯೆ ಸುಮಾರು 82,000. ಅಷ್ಟರಲ್ಲಿ ಕಪ್ಪು ವರ್ಣದವರು ಇಲ್ಲವೆನ್ನುವಷ್ಟು ಕಡಿಮೆ. ಇದನ್ನು ಗಿಳಿ-ಕಾಗೆಗಳ ಸ್ವಭಾವವೆಂದು ಕರೆಯಲು ನನ್ನ ಮಿತ್ರರಿಗೆ ಧೈರ್ಯವಿದೆಯೆ?

ಬ್ಯಾಂಕಿನ ಬಾಗಿಲು ಮುಚ್ಚಿದ ಕಡೆ ಲೇವಾದೇವಿಯವರ ಬಾಗಿಲು ತೆರೆದಿರುತ್ತದೆಂಬುದು ನಮ್ಮ ಹಳ್ಳಿಯವರಿಗೆ ಹೇಳಿಕೊಡಬೇಕಾದ ಪಾಠವಲ್ಲ. ಷಿಕಾಗೊದಲ್ಲಿ 1950ರ ಮತ್ತು 1960ರ ದಶಕಗಳಲ್ಲಿ ನಡೆದದ್ದೂ ಅದೇ. ಕಪ್ಪು ಜನರು ಬರುತ್ತಿದ್ದಾರೆಂದು ಬಿಳಿಯರಲ್ಲಿ ಹೆದರಿಕೆ ಹುಟ್ಟಿಸಿ ಅವರ ಮನೆಗಳನ್ನು ಅಗ್ಗಕ್ಕೆ ಕೊಳ್ಳುವುದು; ಅದೇ ಮನೆಯನ್ನು ಒಂದಕ್ಕೆರಡು ಬೆಲೆಗೆ ಕಪ್ಪು ಕುಟುಂಬಕ್ಕೆ ಕಂತಿನ ಕರಾರಿನ ಮೇಲೆ ಕೊಡುವುದು; ಕೊನೆಯ ಕಂತು ಸಲ್ಲುವವರೆಗೆ ಮನೆ ಮಾರಿದವನದೇ; ಒಂದು ಕಂತು ತಪ್ಪಿದರೆ ಮನೆಯೂ ಹೋಯಿತು, ಕಟ್ಟಿದ ಹಣವೂ ಹೋಯಿತು. ಕಂತಿಗಾಗಿ ಗಂಡಹೆಂಡಿರಿಬ್ಬರೂ ಎರಡೆರಡು ಕಡೆ ದುಡಿದರು, ಕೋಣೆಗಳನ್ನು ಬಾಡಿಗೆಗೆ ಕೊಟ್ಟರು, ಸೂರು ಸೋರಿದರೆ ರಿಪೇರಿಗೆ ಕಾಸಿರಲಿಲ್ಲ. ಆಗ ಬೀದಿ ಹಾಳಾಯಿತು. ಹಾಳಾದ ಬೀದಿಯನ್ನು ತೋರಿಸಿ, ನೋಡಿ, ಇವರು ಬಂದರೆ ಹೀಗೆಯೇ ಆಗುತ್ತದೆ ಎಂದರು! ಕಾರಣವನ್ನು ಮೊದಲು ಹುಟ್ಟಿಸಿ ಆಮೇಲೆ ಕಾರ್ಯವನ್ನೇ ಕಾರಣವೆಂದು ತೋರಿಸುವ ಈ ತರ್ಕಕ್ಕೆ ನಮ್ಮ ತರ್ಕಶಾಸ್ತ್ರದ ಅಧ್ಯಾಪಕರು ಒಂದು ಹೆಸರು ಹೇಳಬಲ್ಲರು. ಆ ನಗರದಲ್ಲಿಯೇ ಕರಾರಿನ ಮೇಲೆ ಮನೆ ಕೊಂಡವರು 1968ರಲ್ಲಿ ಸಂಘ ಕಟ್ಟಿಕೊಂಡು ಕಂತು ಕೊಡುವುದಿಲ್ಲವೆಂದು ಹೋರಾಡಿದರೆಂಬುದು ಸಮಾಧಾನದ ಸಂಗತಿ.

ಹಣದ ಭೇದವೂ ತಾನಾಗಿ ನೆಲದ ಮೇಲೆ ಇಳಿಯುವುದಿಲ್ಲ. 1926ರಲ್ಲಿ ಯೂಕ್ಲಿಡ್ ಎಂಬ ಚಿಕ್ಕ ಊರಿನ ಮೊಕದ್ದಮೆಯಲ್ಲಿ ಸರ್ವೋಚ್ಚ ನ್ಯಾಯಾಲಯ, ಊರನ್ನು ವಲಯಗಳಾಗಿ ವಿಂಗಡಿಸಿ ಇಲ್ಲಿ ಒಂಟಿ ಮನೆಗಳು ಮಾತ್ರ, ಇಲ್ಲಿ ಅಂಗಡಿ, ಇಲ್ಲಿ ಕಾರ್ಖಾನೆ ಎಂದು ವಿಧಿಸುವ ಅಧಿಕಾರ ಪುರಸಭೆಗಳಿಗೆ ಇದೆಯೆಂದಿತು. ಒಂಟಿ ಮನೆಗಳ ನಡುವೆ ಬರುವ ಅಪಾರ್ಟ್‌ಮೆಂಟ್ ಕಟ್ಟಡವನ್ನು ಆ ತೀರ್ಪು ಬದನಿಕೆಗೆ ಹೋಲಿಸಿತು. ಕಾರ್ಖಾನೆಯ ಹೊಗೆಯನ್ನು ಮನೆಗಳಿಂದ ದೂರವಿಡುವುದು ಸರಿಯೇ. ಆದರೆ ಒಂದು ನಿವೇಶನ ಇಷ್ಟು ಅಗಲ ಇರಲೇಬೇಕು, ಅದರಲ್ಲಿ ಒಂದೇ ಸಂಸಾರದ ಒಂದೇ ಮನೆ ಇರಬೇಕು, ವಠಾರ ಕೂಡದು ಎಂದರೆ, ಬಡವನ ಹೆಸರನ್ನು ಎತ್ತದೆಯೇ ಬಡವನನ್ನು ಹೊರಗಿಟ್ಟಂತಾಯಿತು. ಬಣ್ಣದ ಹೆಸರಿನಲ್ಲಿ ಹೊರಗಿಡುವುದು ಕಾನೂನುಬಾಹಿರವಾದ ಮೇಲೆ ಈ ಅಳತೆಪಟ್ಟಿಯೇ ಉಪನಗರಗಳಿಗೆ ಬೇಲಿಯಾಯಿತು. ಬೇಲಿಯ ಫಲ ಲೆಕ್ಕದಲ್ಲಿಯೂ ಕಾಣುತ್ತದೆ. ದೊಡ್ಡ ನಗರಪ್ರದೇಶಗಳ ಕುಟುಂಬಗಳಲ್ಲಿ ಮಧ್ಯಮ ವರಮಾನದ ಬಡಾವಣೆಗಳಲ್ಲಿ ಇದ್ದವರು 1970ರಲ್ಲಿ ನೂರಕ್ಕೆ 65. 2007ರ ವೇಳೆಗೆ ನೂರಕ್ಕೆ 44. ಸಿರಿವಂತರು ಸಿರಿವಂತರ ನಡುವೆ, ಬಡವರು ಬಡವರ ನಡುವೆ ಇನ್ನಷ್ಟು ಒತ್ತಾದರು. ಮಿನಿಯಾಪೊಲಿಸ್ ನಗರಸಭೆ 2018ರಲ್ಲಿ ಒಂಟಿ ಮನೆ ಮಾತ್ರವೆಂಬ ನಿಯಮವನ್ನು ಊರಿಡೀ ತೆಗೆಯಲು ನಿರ್ಣಯಿಸಿತು. ಅಂಥ ಊರುಗಳು ಇನ್ನೂ ವಿರಳ.

ಈಗ ಕಾನೂನು ಬದಲಾಗಿದೆಯಲ್ಲವೆ ಎಂದು ಕೇಳಬಹುದು. ಬದಲಾಗಿದೆ. ಮಾರ್ಟಿನ್ ಲೂಥರ್ ಕಿಂಗ್ ಅವರು 1966ರಲ್ಲಿ ಷಿಕಾಗೊದ ಬಡ ಕೇರಿಯೊಂದರಲ್ಲಿ ಬಾಡಿಗೆ ಮನೆ ಹಿಡಿದು, ಬಿಳಿಯರ ಬಡಾವಣೆಗಳೊಳಗೆ ಮೆರವಣಿಗೆ ನಡೆಸಿ, ತಲೆಗೆ ಕಲ್ಲೇಟು ತಿಂದರು. 1968ರ ಏಪ್ರಿಲ್ 4ರಂದು ಅವರ ಕೊಲೆಯಾಯಿತು. ಏಪ್ರಿಲ್ 11ರಂದು ವಸತಿಯಲ್ಲಿ ಜನಾಂಗಭೇದವನ್ನು ನಿಷೇಧಿಸುವ ಕಾಯಿದೆಗೆ ಅಧ್ಯಕ್ಷರ ಸಹಿ ಬಿತ್ತು. ಎರಡು ವರ್ಷಗಳಿಂದ ಸಂಸತ್ತಿನಲ್ಲಿ ಕುಂಟುತ್ತಿದ್ದ ವಿಷಯ ಒಂದು ವಾರದಲ್ಲಿ ಮುಗಿಯಿತು. ಆದರೆ ಮನೆಯೆಂಬುದು ಬರಿಯ ಸೂರಲ್ಲವಷ್ಟೆ; ಸಾಮಾನ್ಯ ಕುಟುಂಬಕ್ಕೆ ಅದೇ ಉಳಿತಾಯ, ಅದೇ ಮಕ್ಕಳಿಗೆ ಬಿಟ್ಟುಹೋಗುವ ಆಸ್ತಿ. 1950ರಲ್ಲಿ ಎಂಟು ಸಾವಿರಕ್ಕೆ ಕೊಂಡವನ ಮೊಮ್ಮಗನಿಗೆ ಅದು ಕಾಲೇಜಿನ ಶುಲ್ಕ, ವ್ಯಾಪಾರದ ಬಂಡವಾಳ, ಹೊಸ ಮನೆಯ ಮುಂಗಡ. ಆ ದಿನ ಬಾಗಿಲಲ್ಲಿ ತಡೆಯಲ್ಪಟ್ಟವನ ಮೊಮ್ಮಗನಿಗೆ ಇಂದು ಬಾಗಿಲು ತೆರೆದಿದ್ದರೂ ಬೆಲೆ ಮೇಲೇರಿ ಕುಳಿತಿದೆ. 2022ರ ಸಮೀಕ್ಷೆಯಲ್ಲಿ ಅಲ್ಲಿಯ ಬಿಳಿಯ ಕುಟುಂಬಗಳ ನಡುಮಟ್ಟದ ಆಸ್ತಿ 2,85,000 ಡಾಲರ್, ಕಪ್ಪು ಕುಟುಂಬಗಳದು 44,900 ಡಾಲರ್. ಹಣವಿದ್ದವನು ಬಂಗಲೆ ಕೊಳ್ಳುತ್ತಾನೆಂಬ ಮಿತ್ರರ ಮಾತು ಸುಳ್ಳಲ್ಲ. ಆ ಹಣ ಒಬ್ಬನಲ್ಲಿದ್ದು ಇನ್ನೊಬ್ಬನಲ್ಲಿ ಏಕಿಲ್ಲವೆಂದು ಅವರು ಕೇಳಲಿಲ್ಲ, ಅಷ್ಟೆ.

ಗಿಳಿ-ಕಾಗೆಯ ವಾದಕ್ಕೂ ನ್ಯಾಯ ಸಲ್ಲಿಸಬೇಕು. ಅದಕ್ಕೆ ನನ್ನ ಮಿತ್ರರಿಗಿಂತ ಸಮರ್ಥರಾದ ವಕೀಲರಿದ್ದಾರೆ. ಮುಂದೆ 2005ರಲ್ಲಿ ನೊಬೆಲ್ ಪಾರಿತೋಷಕ ಪಡೆದ ಥಾಮಸ್ ಷೆಲ್ಲಿಂಗ್ ಎಂಬ ಅರ್ಥಶಾಸ್ತ್ರಜ್ಞರು 1971ರಲ್ಲಿ ಒಂದು ಆಟವನ್ನು ಪ್ರಕಟಿಸಿದರು. ಚದುರಂಗದ ಹಾಗೆ ಮನೆಗಳನ್ನು ಗೀಚಿದ ಹಾಸಿನ ಮೇಲೆ ಎರಡು ಬಗೆಯ ನಾಣ್ಯಗಳನ್ನು ಬೆರಸಿ ಇಡುವುದು. ತನ್ನ ಅಕ್ಕಪಕ್ಕದಲ್ಲಿ ಸುಮಾರು ಮೂರರಲ್ಲೊಂದು ಪಾಲಾದರೂ ತನ್ನ ಬಗೆಯವರಿರಲಿ ಎಂಬಷ್ಟೇ ಆಸೆ ಪ್ರತಿ ನಾಣ್ಯಕ್ಕೂ ಇದೆಯೆಂದುಕೊಂಡು, ಅತೃಪ್ತವಾದ ನಾಣ್ಯವನ್ನು ಖಾಲಿ ಮನೆಗೆ ಸರಿಸುತ್ತ ಹೋಗುವುದು. ಯಾವ ನಾಣ್ಯಕ್ಕೂ ದ್ವೇಷವಿಲ್ಲ; ಆದರೂ ಸ್ವಲ್ಪ ಹೊತ್ತಿನಲ್ಲಿ ಹಾಸು ಎರಡು ಪಾಳೆಯವಾಗಿರುತ್ತದೆ. ನಾನೂ ಹಾಸ್ಟೆಲಿನಲ್ಲಿ ಹುಣಿಸೆ ಬೀಜ, ಕಡಲೆ ಇಟ್ಟು ಆಡಿ ನೋಡಿದೆ, ಮಾತು ನಿಜ. ಆದರೆ ಆ ಹಾಸಿನ ಮೇಲೆ ಹುಣಿಸೆ ಬೀಜಕ್ಕೆ ಬ್ಯಾಂಕಿನ ಸಾಲ ಬೇಕಾಗಿಲ್ಲ; ಯಾವ ಖಾಲಿ ಮನೆಯ ಪತ್ರದಲ್ಲಿಯೂ ಕರಾರಿಲ್ಲ; ಬೇಕಾದ ಕಡೆ ಹೋಗಿ ಕುಳಿತುಕೊಳ್ಳಲು ಎರಡಕ್ಕೂ ಸಮಾನ ಸ್ವಾತಂತ್ರ್ಯವಿದೆ. ಷೆಲ್ಲಿಂಗರೂ ಸಂಘಟಿತ ಭೇದಭಾವ ಮತ್ತು ಹಣದ ಕಾರಣಗಳನ್ನು ಬೇರೆಯಾಗಿಯೇ ಹೆಸರಿಸಿದ್ದಾರೆ. ಕಾನೂನು ಹೋದ ಮೇಲೂ ಹಳೆಯ ಗೆರೆ ಅಳಿಸದೆ ಉಳಿಯುವುದೇಕೆಂಬುದಕ್ಕೆ ಅವರ ಆಟ ಒಳ್ಳೆಯ ವಿವರಣೆ. ಗೆರೆ ಎಳೆದವರು ಯಾರೆಂಬುದಕ್ಕೆ ಅಲ್ಲ.

ಗೆರೆ ಉಳಿದರೆ ನಷ್ಟವೇನೆಂದರೆ, ಅಲ್ಲಿಯ ಶಾಲೆಗಳಿಗೆ ಬರುವ ಹಣದಲ್ಲಿ ಬಹಳಷ್ಟು ಆಯಾ ಊರಿನ ಮನೆ ಕಂದಾಯದಿಂದಲೇ ಬರುತ್ತದೆ. ಮನೆಗಳ ಬೆಲೆ ಇಳಿದ ಕಡೆ ಶಾಲೆಯೂ ಬಡವಾಗುತ್ತದೆ. 1990ರ ದಶಕದಲ್ಲಿ ಸರ್ಕಾರವೇ ಐದು ನಗರಗಳಲ್ಲಿ ಪ್ರಯೋಗ ಮಾಡಿ, ಬಡ ಕೇರಿಗಳ ಕೆಲವು ಕುಟುಂಬಗಳಿಗೆ ಚೀಟಿ ಎತ್ತಿ, ಬಡತನ ಕಡಿಮೆಯಿರುವ ಬಡಾವಣೆಗೆ ಹೋಗಲು ಬಾಡಿಗೆಯ ನೆರವು ಕೊಟ್ಟಿತು. ಹದಿಮೂರು ತುಂಬುವ ಮೊದಲೇ ಹಾಗೆ ಸ್ಥಳಾಂತರವಾದ ಮಕ್ಕಳು ಇಪ್ಪತ್ತೈದರ ಸುಮಾರಿಗೆ, ಚೀಟಿ ಸಿಗದ ಮಕ್ಕಳಿಗಿಂತ ನೂರಕ್ಕೆ 31ರಷ್ಟು ಹೆಚ್ಚು ಸಂಪಾದಿಸುತ್ತಿದ್ದರೆಂದು 2016ರಲ್ಲಿ ಪ್ರಕಟವಾದ ಅಧ್ಯಯನ ತೋರಿಸಿತು. ತಾಯಿತಂದೆ ಅವರೇ, ಬುದ್ಧಿ ಅದೇ, ಬದಲಾದದ್ದು ಬೀದಿ.

ಈ ಬೀದಿಯ ಲೆಕ್ಕಾಚಾರ ನಮ್ಮವರಿಗೂ ಗೊತ್ತು. ಅಮೆರಿಕಾದಲ್ಲಿ ನೆಲಸಿರುವ ಕನ್ನಡಿಗರು ಮನೆ ಕೊಳ್ಳುವಾಗ ಮೊದಲು ನೋಡುವುದು ಅಲ್ಲಿಯ ಶಾಲೆ ಹೇಗಿದೆಯೆಂದು. ಮಕ್ಕಳ ಹಿತ ಬಯಸುವುದು ತಪ್ಪಲ್ಲ. ಆದರೆ ಯಾವ ಶಾಲೆ ಏಕೆ ಒಳ್ಳೆಯದಾಯಿತೆಂಬ ಈ ಹಿಂದಿನ ಕಥೆ ಅವರಲ್ಲಿ ಎಷ್ಟು ಮಂದಿಗೆ ಗೊತ್ತಿದೆಯೋ! 1968ರ ಆ ಕಾಯಿದೆಯ ರಕ್ಷಣೆ ಅಲ್ಲಿ ಮನೆ ಕೊಳ್ಳುವ ಭಾರತೀಯನಿಗೂ ಉಂಟು. ಕಪ್ಪು ಜನರು ಕಲ್ಲೇಟು ತಿಂದು ಗಳಿಸಿದ ಹಕ್ಕು ಅದು.

ಇನ್ನು ನಮ್ಮ ದೇಶದ ಮಾತು. ಅಮೆರಿಕಾದ ನ್ಯಾಯಾಲಯ 1948ರಲ್ಲಿ ಜಾರಿ ಮಾಡಲೊಲ್ಲೆನೆಂದ ಬಗೆಯ ನಿರ್ಬಂಧವೊಂದು ನಮ್ಮ ಸರ್ವೋಚ್ಚ ನ್ಯಾಯಾಲಯದ ಮುಂದೆ 2005ರಲ್ಲಿ ಬಂದಿತು. ಅಹಮದಾಬಾದಿನ ಪಾರ್ಸಿಗಳ ಗೃಹನಿರ್ಮಾಣ ಸಹಕಾರ ಸಂಘ ತನ್ನ ಸದಸ್ಯತ್ವ ಪಾರ್ಸಿಗಳಿಗೆ ಮಾತ್ರವೆಂದು ಉಪನಿಯಮ ಮಾಡಿಕೊಂಡಿತ್ತು. ಸಂಘ ಕಟ್ಟಿಕೊಳ್ಳುವ ಸ್ವಾತಂತ್ರ್ಯದಡಿಯಲ್ಲಿ ಅದು ಸಿಂಧುವೆಂದು ತೀರ್ಪಾಯಿತು. ಅಲ್ಪಸಂಖ್ಯಾತರಾದ ಪಾರ್ಸಿಗಳ ವಿಷಯ ಬೇರೆಯೆಂದು ಕೆಲವರು ಹೇಳುತ್ತಾರೆ; ಅದರಲ್ಲಿ ಸ್ವಲ್ಪ ಹುರುಳೂ ಇದೆ. ಆದರೆ ಅದೇ ಬಾಗಿಲಿನಲ್ಲಿ ಸಂಖ್ಯೆಯಲ್ಲಿಯೂ ಸ್ಥಾನದಲ್ಲಿಯೂ ದೊಡ್ಡವರಾದವರು ನುಗ್ಗಿದರೆ ತಡೆಯುವವರು ಯಾರೆಂಬುದನ್ನು ನಮ್ಮ ರಾಜ್ಯಶಾಸ್ತ್ರದ ತರಗತಿ ಚರ್ಚಿಸಬೇಕು.

ಕಾಗದದ ನಿಯಮವೇ ಇಲ್ಲದ ನಮ್ಮ ಈ ಊರಿನಲ್ಲಿ ಕೆಲಸ ಇನ್ನೂ ಸುಲಭ. ಹಾಸ್ಟೆಲಿನಲ್ಲಿ ಜಾಗ ಸಿಗದ ನನ್ನ ಸಹಪಾಠಿಯೊಬ್ಬನ ಜೊತೆ ಕಳೆದ ಜೂನ್ ತಿಂಗಳಲ್ಲಿ ನಾನು ಕೋಣೆ ಹುಡುಕಲು ಹೋಗಿದ್ದೆ. ಹನ್ನೊಂದು ಮನೆಗಳ ಮುಂದೆ ನಿಂತೆವು. ಎಲ್ಲಿಯೂ ಯಾರೂ ಗದರಲಿಲ್ಲ. ಎರಡು ಕಡೆ ಕುಡಿಯಲು ನೀರು ಕೊಟ್ಟು ವಿಚಾರಿಸಿದರು. “ಯಾವೂರಪ್ಪಾ?”, “ತಂದೆ ಏನು ಮಾಡ್ತಾರೆ?”, ಆಮೇಲೆ ಸ್ವಲ್ಪ ತಡೆದು, “ನೀವು ಯಾವ ಜನ?” ಅವನು ಹೇಳಿದ. ಅಷ್ಟು ಹೊತ್ತು ಖಾಲಿಯಿದ್ದ ಕೋಣೆಗೆ ಆ ಕ್ಷಣದಲ್ಲಿ ಮನೆಯೊಡೆಯರ ತಮ್ಮನ ಮಗ ಬರುವವನಾದ. ಹನ್ನೊಂದರಲ್ಲಿ ಆರು ಮನೆಗಳಿಗೆ ಹೀಗೆ ತಮ್ಮಂದಿರ ಮಕ್ಕಳು ಬರುವವರಿದ್ದರು. ಉಳಿದ ಐದು ಮನೆಗಳಲ್ಲಿ ಬಾಡಿಗೆ ನಮ್ಮ ಕೈಗೆ ಎಟುಕುವಂತಿರಲಿಲ್ಲ. ಚರ್ಚಾಕೂಟದ ಮಿತ್ರರಿಬ್ಬರ ಎರಡು ಕಾರಣಗಳೂ ಒಂದೇ ಮಧ್ಯಾಹ್ನ ನಮಗೆ ಸಿಕ್ಕಿಬಿಟ್ಟವು.

ಅವನು ಈಗಲೂ ಊರಿನಿಂದಲೇ ಓಡಾಡುತ್ತಾನೆ. ಬೆಳಗಿನ ಆರೂವರೆಯ ಬಸ್ಸು ತಪ್ಪಿದರೆ ಮುಂದಿನದು ಎಂಟೂಕಾಲಿಗೆ. ಮೊದಲನೆಯ ಪೀರಿಯಡ್ಡಿಗೆ ತಡವಾಗಿ ಬಂದು, ಬಾಗಿಲಲ್ಲಿ ನಿಂತು, ಅಪ್ಪಣೆಗಾಗಿ ಗುರುಗಳ ಮುಖ ನೋಡುತ್ತಾನಲ್ಲ, ಅವನೇ.